ಹೆಸರಿಲ್ಲದ ಹಳೇ ಸ್ಲಾಟ್ ಕಾರಿಗೆ ಯಾವ ಟೈರು, ಯಾವ ಬ್ರೇಡು?

ಗುಜರಿಯಿಂದಲೋ ಯಾರದೋ ಮನೆಯ ಅಟ್ಟದಿಂದಲೋ ಕೈಗೆ ಬಂದ ಸ್ಲಾಟ್ ಕಾರಿನ (ಟ್ರ್ಯಾಕಿನ ಸೀಳಿನಲ್ಲಿ ಕರೆಂಟಿನಿಂದ ಓಡುವ ಆಟಿಕೆ ಕಾರು) ಬಾಡಿ ನೋಡಿ ಕಂಪನಿ ಹೇಳಲು ಹೋಗಬೇಡಿ. ಉದಾಹರಣೆಗೆ, ಜಾಗ್ವಾರ್ ಇ-ಟೈಪ್ ಕಾರಿನ ಮಾದರಿಯನ್ನು ಹಲವು ಆಟಿಕೆ ಕಂಪನಿಗಳು ಮಾಡಿವೆ. ಕಾರು ಯಾವುದು ಅಂತ ಬಾಡಿ ಹೇಳುತ್ತದೆ, ಮಾಡಿದವರು ಯಾರು ಅಂತ ಹೇಳುವುದು ಅಡಿಭಾಗ. ಮಗುಚಿ, ಟಾರ್ಚನ್ನು ಓರೆಯಾಗಿ ಹಿಡಿದು ಅಚ್ಚಿನ ಅಕ್ಷರ ಹುಡುಕಿ. ‘ಮೇಡ್ ಇನ್ ಇಂಗ್ಲೆಂಡ್’ ಜೊತೆ ‘ಸಿ’ ಅಕ್ಷರ, ಒಂದು ನಂಬರ್ ಇದ್ದರೆ 1957ರಲ್ಲಿ ಶುರುವಾದ ಸ್ಕೇಲೆಕ್ಸ್‌ಟ್ರಿಕ್ ಬ್ರ್ಯಾಂಡಿನದು ಇರಬಹುದು. ಅಂಥದ್ದೇ ಕಾರಿನ ಮೇಲೆ ಸ್ಪೇನ್ ಹೆಸರಿದ್ದರೆ ಅಲ್ಲಿನ ಎಕ್ಸಿನ್ ಕಂಪನಿಯ ಕಡೆ ನೋಡಿ. ಗೈಡ್ (ಟ್ರ್ಯಾಕಿನ ಸೀಳಿಗೆ ಇಳಿದು ಕಾರನ್ನು ನಡೆಸುವ ಮುಂಭಾಗದ ತುಂಡು) ತಿರುಗಿಸಿದಾಗ ಮುಂದಿನ ಚಕ್ರಗಳೂ ತಿರುಗಿದರೆ ಮೊದಲ ಅನುಮಾನ ಏರ್‌ಫಿಕ್ಸ್ ಕಂಪನಿ ಮೇಲೆ. ಮೋಟರ್ ಮೇಲಿನ ಮಬುಚಿ ಹೆಸರಿನಿಂದ ಮಾತ್ರ ಏನೂ ತೀರ್ಮಾನವಾಗದು. 60ರ ದಶಕದಲ್ಲಿ ಅನೇಕರು ಅದನ್ನೇ ಹಾಕುತ್ತಿದ್ದರು.

ಏನೂ ಬರೆದಿಲ್ಲವೇ? ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. ಮೊದಲ ಎರಡು ಸೀರೀಸಿನ, ಎರಡು ಸೀಟಿನ ನಿಜವಾದ ಇ-ಟೈಪಿನ ಮುಂದಿನ-ಹಿಂದಿನ ಆಕ್ಸಲ್ ನಡುವಿನ ಅಂತರ 2438 ಮಿ.ಮೀ. ಅಂದರೆ 1/32 ಅಳತೆಯಲ್ಲಿ 76, 1/24ರಲ್ಲಿ ಸುಮಾರು 102. ಅಗಲ 1657 ಮಿ.ಮೀ., 1/32ರಲ್ಲಿ 52. ಎರಡನ್ನೂ ಅಳೆಯಲೇಬೇಕು. ಅಗಲ 52 ಬಂದು ಆಕ್ಸಲ್ ಅಂತರ 80 ಬಂದರೆ, ತಮ್ಮಲ್ಲಿದ್ದ ಒಂದೇ ಚಾಸಿಗೆ ಕೂರಿಸಲು ಬಾಡಿಯನ್ನು ಎಳೆದಿದ್ದಾರೆ ಅಂತ ಅರ್ಥ. ಹಾಗೆ ಎಳೆದಿರುವುದೇ ತಯಾರಕರನ್ನು ಹಿಡಿಯಲು ಒಳ್ಳೆಯ ಸುಳಿವು. ಗುರುತು ಖಾತ್ರಿಯಾಗುವವರೆಗೆ ವಾಪಸ್ ತೆಗೆಯಲಾಗದ ಯಾವ ಕೆಲಸವೂ ಬೇಡ. ಮುಂದಿನ ಆಯ್ಕೆಗಳನ್ನೆಲ್ಲ ತೂಗಿದ್ದು ಈ ಲೆಕ್ಕದಲ್ಲೇ.

ಮೊದಲು ಮೋಟರ್ ಪರೀಕ್ಷಿಸಲು ಕರೆಂಟು. 9 ವೋಲ್ಟಿನ ಚೌಕ ಬ್ಯಾಟರಿ ಅಪಾಯವಿಲ್ಲದ್ದು, ಆದರೆ ಹಳೇ ಮೋಟರ್ ಎಳೆದ ತಕ್ಷಣ ಅದರ ವೋಲ್ಟೇಜ್ ಕುಸಿಯುತ್ತದೆ. ಚೆನ್ನಾಗಿರುವ ಮೋಟರನ್ನೂ ಸತ್ತಿದೆ ಅಂದುಕೊಳ್ಳುತ್ತೇವೆ. ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ) ಇದಕ್ಕೆ ತದ್ವಿರುದ್ಧ. ಎಲ್ಲೋ ಶಾರ್ಟ್ ಆದರೂ ಆಂಪಿಯರ್ ಸುರಿಯುತ್ತದೆ, ಕೂದಲಿನಂಥ ವೈರ್ ಸುಟ್ಟೇಹೋಗುತ್ತದೆ. 12 ವೋಲ್ಟ್ 2 ಆಂಪಿಯರ್ ಅಡಾಪ್ಟರಿಗೆ ವೋಲ್ಟೇಜ್ ಇಳಿಸಿಕೊಡುವ ಎಲ್‌ಎಂ2596 ಮಾಡ್ಯೂಲ್ ಸೇರಿಸಿ 4 ವೋಲ್ಟಿನಿಂದ ಏರಿಸುವುದೇ ಚಲೋ. ಅದಕ್ಕೂ ಕಾರಿಗೂ ನಡುವೆ ಸರಣಿಯಲ್ಲಿ (ಸೀರೀಸ್) ಬೈಕಿನ 12 ವೋಲ್ಟ್ 10 ವ್ಯಾಟ್ ಇಂಡಿಕೇಟರ್ ಬಲ್ಬ್ ಇರಲಿ. ಕಾರಿನಲ್ಲಿ ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತದೆ, ಕರೆಂಟು ಹೆಚ್ಚೆಂದರೆ 0.83 ಆಂಪಿಯರ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೆಬ್ಬೆರಳು ಗಾತ್ರದ ಎಚ್‌ಒ ಅಳತೆಯ ಕಾರು ಡಿಸಿಗೆ ಓಡದಿದ್ದರೆ ಬಿಸಾಡಬೇಡಿ: ಅರೋರಾ ಕಂಪನಿಯ 1960ರ ವೈಬ್ರೇಟರ್ ಕಾರುಗಳು ಎಸಿ ಮೇಲೆ ಓಡುವಂಥವು.

ಬ್ರೇಡಿಗೆ (ಗೈಡಿನಲ್ಲಿದ್ದು ಹಳಿಯಿಂದ ಕರೆಂಟು ಎತ್ತುವ ಹೆಣೆದ ಲೋಹದ ಪಟ್ಟಿ) ಇಲ್ಲೇ ಸಿಗುವ ಮೂರನ್ನು ಹಾಕಿ ನೋಡಿದೆವು. ಕೇಬಲ್ ಟಿವಿ ವೈರಿನ ಜಾಲರಿ ಹೆಚ್ಚಾಗಿ ಅಲ್ಯೂಮಿನಿಯಂ. ಬೆಸುಗೆ ಹಿಡಿಯದು, ಮೇಲ್ಮೈ ಬೇಗ ಮಂಕಾಗಿ ಕಾರು ತಡವರಿಸುತ್ತದೆ. ಡಿಸೋಲ್ಡರಿಂಗ್ ವಿಕ್ (ಹಳೇ ಬೆಸುಗೆ ಹೀರಿ ತೆಗೆಯುವ ಹೆಣೆದ ಪಟ್ಟಿ) ತಾಮ್ರದ್ದು, ಆದರೆ ಅದರಲ್ಲಿ ಫ್ಲಕ್ಸ್ (ಬೆಸುಗೆ ಹಿಡಿಯಲು ಹಾಕುವ ಅಂಟು ಪದಾರ್ಥ) ತುಂಬಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಯದೆ ಹಾಕಿದರೆ ಹಳಿ ಅಂಟಂಟಾಗುತ್ತದೆ. ತೊಳೆದರೂ ಬಿಗುವು ಹೋಗದು, ಕಾರಿನ ಮೂಗನ್ನು ಮೇಲೆತ್ತುತ್ತದೆ. ಗೆದ್ದದ್ದು ಕೆಟ್ಟುಹೋದ ಜಿಪಿಎಸ್ ಆಂಟೆನಾದ ಆರ್‌ಜಿ-174 ಕೇಬಲ್. ಹೊರಗಿನ ಕಪ್ಪು ಕವಚ ಸೀಳಿ ಜಾಲರಿ ಜಾರಿಸಿ ತೆಗೆದು ಚಪ್ಪಟೆ ಮಾಡಿದರೆ ಸುಮಾರು 3 ಮಿ.ಮೀ. ಅಗಲದ, ತವರ ಲೇಪಿಸಿದ ಮೆತ್ತಗಿನ ತಾಮ್ರದ ಪಟ್ಟಿ ಸಿಗುತ್ತದೆ. 25 ಮಿ.ಮೀ. ಕತ್ತರಿಸಿ, ತುದಿಯನ್ನು ಬಾಚಿದ ಹಾಗೆ ಬಿಡಿಸಿ. ಬೆಸುಗೆ ಹಾಕುವಾಗ ಗೈಡಿನಿಂದ ಹೊರತೆಗೆದೇ ಹಾಕಿ, ಇಲ್ಲವಾದರೆ ಪ್ಲಾಸ್ಟಿಕ್ ಕರಗುತ್ತದೆ.

ಟೈರಿನಲ್ಲೇ ಹೆಚ್ಚು ಜನ ಎಡವುವುದು. ಮೂಲ ರಬ್ಬರ್ ಗಟ್ಟಿಯಾಗಿದ್ದರೆ ಯಾವ ಎಣ್ಣೆಯೂ ಅದನ್ನು ಖಾಯಂ ಮೆತ್ತಗೆ ಮಾಡದು. ಪಂಪ್ ಸೀಲ್ ಮಾರುವ ಅಂಗಡಿಯ ನೈಟ್ರೈಲ್ ಓ-ರಿಂಗ್ ಕಡಿಮೆ ಬೆಲೆಯದು. ರಿಮ್ಮಿಗಿಂತ ಒಳವ್ಯಾಸ ಶೇ. 5ರಷ್ಟು ಚಿಕ್ಕದಿರಲಿ, ಒಂದು ಚಕ್ರಕ್ಕೆ ಎರಡು ಜೋಡಿಸಿ. ಆದರೆ ಅದರ ದುಂಡು ಮೈ ಟ್ರ್ಯಾಕಿಗೆ ಗೆರೆಯಷ್ಟೇ ತಾಗುತ್ತದೆ, ರಬ್ಬರೂ ಗಟ್ಟಿ, ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ಮುಂದಿನ ಚಕ್ರಕ್ಕೆ ಸಾಕು, ಹಿಂದಿನದಕ್ಕೆ ಬೇಡ. ಅಂಟು ಹಚ್ಚಲೇಬೇಡಿ: ಚಪ್ಪಲಿ ಅಂಟಿಸುವ ರಬ್ಬರ್ ಗಮ್ಮಿನ ದ್ರಾವಕ ಪಾಲಿಸ್ಟೈರೀನ್ ರಿಮ್ಮನ್ನು ಕರಗಿಸುತ್ತದೆ, ಸೂಪರ್ ಗ್ಲೂ ಆವಿ ವಿಂಡ್‌ಸ್ಕ್ರೀನ್ ಮೇಲೆ ಬಿಳಿ ಮಬ್ಬು ಕೂರಿಸುತ್ತದೆ.

ಹಿಂದಿನ ಚಕ್ರಕ್ಕೆ ಉಳಿಯುವ ಪೈಪೋಟಿ ಸಿಲಿಕೋನ್ ಮತ್ತು ಯುರೆಥೇನ್ ನಡುವೆ. ಎರಡನ್ನೂ ಆನ್‌ಲೈನಿನಲ್ಲೇ ತರಿಸಬೇಕು. ಒರೆಸಿ ಲಕಲಕ ಮಾಡಿದ ಪ್ಲಾಸ್ಟಿಕ್ ಟ್ರ್ಯಾಕಿನಲ್ಲಿ ಸಿಲಿಕೋನಿನ ಹಿಡಿತಕ್ಕೆ ಸಾಟಿಯಿಲ್ಲ. ಆದರೆ ಬೇಸಿಗೆಯಲ್ಲಿ ಕಿಟಕಿ ತೆರೆದಿಟ್ಟ ಹುಬ್ಬಳ್ಳಿಯ ಕೋಣೆಯಲ್ಲಿ ಎಷ್ಟು ಧೂಳು ಕೂರುತ್ತದೆ ಅನ್ನುವುದು ಇಲ್ಲಿನವರಿಗೆ ಹೇಳಬೇಕಿಲ್ಲ. ಸಿಲಿಕೋನ್ ಅಷ್ಟನ್ನೂ ಮೈಗೆ ಹತ್ತಿಸಿಕೊಂಡು ಕೆಲವೇ ಸುತ್ತಿಗೆ ಹಿಡಿತ ಬಿಡುತ್ತದೆ. ಪ್ಯಾಕಿಂಗ್ ಟೇಪಿನ ಅಂಟು ಬದಿಯ ಮೇಲೆ ಉರುಳಿಸಿದರೆ ಮತ್ತೆ ಸರಿ. ಯುರೆಥೇನ್ ಹಿಡಿತ ಒಂದು ಗುಲಗಂಜಿ ಕಡಿಮೆ, ಆದರೆ ಧೂಳಿಗೆ ಅಷ್ಟು ಬೇಗ ಸೋಲದು. ಸಿಲಿಕೋನನ್ನು ಎಮರಿಯಿಂದ ಉಜ್ಜಿ ದುಂಡಗೆ ಮಾಡುವುದು ಕಷ್ಟ, ಯುರೆಥೇನನ್ನು ಮಾಡಬಹುದು. ಆಕ್ಸಲ್ ಸ್ವಲ್ಪ ಬಾಗಿರುವ ಹಳೇ ಕಾರಿಗೆ ಇದು ದೊಡ್ಡ ಅನುಕೂಲ. ನಮ್ಮ ಕಡೆಗೆ ಯುರೆಥೇನೇ ಸರಿ.

ತೆಗೆದ ಮೂಲ ಟೈರುಗಳನ್ನು ಜಿಪ್ ಕವರಿನಲ್ಲಿ ಹಾಕಿ, ಯಾವ ಕಾರಿನದು ಅಂತ ಬರೆದು ಬೇರೆಯಾಗಿಯೇ ಇಡಿ. ಮೆತ್ತನೆಯ ವಿನೈಲ್ ಟೈರು ಪಾಲಿಸ್ಟೈರೀನ್ ಬಾಡಿಗೆ ತಾಗಿಕೊಂಡಿದ್ದರೆ ತಿಂಗಳುಗಳಲ್ಲಿ ಅದನ್ನು ಕರಗಿಸಿ ಗುಳಿ ಮಾಡುತ್ತದೆ.