ಗಂಜ್‌ನ ಒಂದು ಬೇಳೆ ಅಂಗಡಿಯ ಬಗ್ಗೆ

ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರೂ ಗಂಜ್‌ನಲ್ಲಿ ತೊಗರಿ ಬೇಳೆಗೆ ಬರವಿಲ್ಲ. ಆದರೆ ತೆರೆದಿಟ್ಟ ಅಷ್ಟೂ ಚೀಲಗಳಲ್ಲಿ ಯಾವುದು ಒಳ್ಳೆಯದೆಂದು ನೋಡಿದ ಮಾತ್ರಕ್ಕೆ ಹೇಳುವುದು ಹೊಸಬರಿಗೆ ಕಷ್ಟ. ಹಲವು ವರ್ಷಗಳಿಂದ ನಮ್ಮ ಮನೆಗೆ ಬೇಳೆ ಬರುತ್ತಿರುವುದು ಇಲ್ಲಿನ ಒಂದು ದಾಲ್ ಮಿಲ್ಲಿನ ಚಿಲ್ಲರೆ ಅಂಗಡಿಯಿಂದ. ಯಜಮಾನರು ಪ್ರಚಾರ ಬೇಡವೆಂದಿರುವುದರಿಂದ ಹೆಸರು ಬರೆಯುತ್ತಿಲ್ಲ.

ನಮ್ಮ ಕಪ್ಪು ಭೂಮಿಯ ತೊಗರಿ 2019ರಲ್ಲಿ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಮಾನ್ಯತೆ ಪಡೆದ ಮೇಲೆ ‘ಕಲಬುರಗಿ’ ಎಂಬ ಹೆಸರಿಗೇ ಬೆಲೆ ಬಂದಿದೆ. ಹೀಗಿರುವಾಗಲೂ ಈ ಅಂಗಡಿಯವರು ಮ್ಯಾನ್ಮಾರ್‌ನಿಂದಲೋ ಮೊಜಾಂಬಿಕ್‌ನಿಂದಲೋ ಆಮದಾದ ತೊಗರಿಯಿಂದ ಮಾಡಿದ ಬೇಳೆಯನ್ನು ಬೇರೆಯೇ ಚೀಲದಲ್ಲಿಟ್ಟು, ಮೇಲೆ ಚೀಟಿ ಅಂಟಿಸಿ, ಕಡಿಮೆ ದರಕ್ಕೆ ಮಾರುತ್ತಾರೆ. ಎರಡನ್ನೂ ಬೆರೆಸಿದರೆ ಕಂಡುಹಿಡಿಯುವ ಶಕ್ತಿ ನನ್ನಂಥ ಗ್ರಾಹಕರಿಗಿಲ್ಲ. ಆ ಚೀಟಿಯನ್ನು ನಾನು ದೊಡ್ಡದೆಂದು ಎಣಿಸುವುದು ಅದಕ್ಕಾಗಿಯೇ.

ಹೊಸ ಫಸಲು ಮಾರುಕಟ್ಟೆಗೆ ಬರುವುದು ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ. ಅದಕ್ಕೆ ಮುಂಚೆ ಹತ್ತು ಕಿಲೋ ಕೇಳಿದ ನನಗೆ ಯಜಮಾನರು, “ಈಗಿರೋದು ಹಳೀ ಬ್ಯಾಳಿ ಅದರೀ ಅಕ್ಕೋರೆ, ಬೇಯಲಿಕ್ಕ ಹೊತ್ತು ಹಿಡೀತದ. ಸದ್ಯಕ್ಕ ಎರಡು ಕಿಲೋ ಒಯ್ಯರಿ” ಎಂದರು. ಕೈಗೆ ಬಂದ ವ್ಯಾಪಾರವನ್ನು ತಾವಾಗಿಯೇ ಕಡಿಮೆ ಮಾಡಿಕೊಳ್ಳುವ ವ್ಯಾಪಾರಿಯ ಮಾತನ್ನು, ಮುಂದೆ ಅವರು ‘ಇದು ಹೊಸ ಮಾಲು’ ಎಂದಾಗ, ಎರಡನೆಯ ಯೋಚನೆಯಿಲ್ಲದೆ ನಂಬುತ್ತೇವೆ.

ಇಲ್ಲಿನ ಬೇಳೆ ಮಿರಮಿರನೆ ಮಿಂಚುವುದಿಲ್ಲ. ನೀರನ್ನೋ ಎಣ್ಣೆಯನ್ನೋ ಸವರಿ ಹೊಳಪು ಕೊಟ್ಟ ಬೇಳೆಗೆ ಒಗ್ಗಿದ ಕಣ್ಣಿಗೆ ಇದು ಮಂಕಾಗಿ, ಸ್ವಲ್ಪ ಹಿಟ್ಟುಹಿಟ್ಟಾಗಿ ಕಾಣುತ್ತದೆ. ಕುದಿಸಿದಾಗ ಮಾತ್ರ ಬೆಣ್ಣೆಯಂತೆ ಕರಗಿ, ಜೋಳದ ರೊಟ್ಟಿಯ ಜೊತೆಗಿನ ಪಲ್ಯಕ್ಕೂ ಸಾರಿಗೂ ಒಳ್ಳೆಯ ಘಮ ಕೊಡುತ್ತದೆ. ತೂಗುವಾಗ ಖಾಲಿ ಡಬ್ಬಿಯ ತೂಕವನ್ನು ಮೊದಲು ಕಳೆದು, ತಕ್ಕಡಿಯ ಅಂಕಿಯನ್ನು ನಮ್ಮತ್ತ ತಿರುಗಿಸಿ ತೋರಿಸುತ್ತಾರೆ. ನುಸಿ ಬಿದ್ದರೆ ರಸೀದಿ ಕೇಳದೆ ಬದಲಿಸಿ ಕೊಡುತ್ತಾರೆ.

ಕೊರತೆಗಳಿಲ್ಲವೆಂದಲ್ಲ. ದರ ಅಕ್ಕಪಕ್ಕದ ಅಂಗಡಿಗಳಿಗಿಂತ ತುಸು ಹೆಚ್ಚು, ಮನೆಗೆ ತಲುಪಿಸುವ ವ್ಯವಸ್ಥೆಯಿಲ್ಲ, ಸಂಜೆ ಬೇಗ ಬಾಗಿಲು ಹಾಕುತ್ತಾರೆ. ದೂರದಿಂದ ಬರುವವರು ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ವರ್ಷಕ್ಕಾಗುವಷ್ಟು ಒಯ್ಯುವವರು ಹೊಸ ಫಸಲಿನ ಬೇಳೆ ಬಂತೇ ಎಂದು ಯಜಮಾನರನ್ನೇ ಕೇಳಿ ಕೊಳ್ಳಲಿ.