ಕೊಡಗಿನ ಹೆಸರು ಬಿಡಿಸಲು ಯಾವ ಟೂಲ್? ನನ್ನ ವೋಟು ಓಪನ್‌ರಿಫೈನ್‌ಗೆ

ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ಪೂರ್ತಿ ಹೆಸರು ಒಂದೇ ಕಾಲಂನಲ್ಲಿತ್ತು, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಒಕ್ಕದ (ಅಂದರೆ ಮನೆತನದ) ಹೆಸರು, ತಂದೆ ಹೆಸರು, ಸ್ವಂತ ಹೆಸರು ಬೇರೆ ಬೇರೆ ಆಗಬೇಕಿತ್ತು. ದುಡ್ಡು ಕಟ್ಟಿ ತಗೊಂಡ ಆನ್‌ಲೈನ್ ಸೇವೆಯೊಂದು ಒಕ್ಕದ ಹೆಸರನ್ನೇ ಎಲ್ಲರ ಸ್ವಂತ ಹೆಸರು ಮಾಡಿ ಕೊಟ್ಟಿತು. ಮಹಾಸಭೆಯ ನೋಟಿಸು ಒಂದೇ ಮನೆತನದ ಅಷ್ಟೂ ಜನಕ್ಕೆ ಒಂದೇ ಹೆಸರಲ್ಲಿ ಹೋಗುವುದಿತ್ತು. ಚಂದಾ ನಿಲ್ಲಿಸಿ ಪುಕ್ಕಟೆ ಟೂಲ್‌ಗಳ ಕಡೆ ತಿರುಗಿದೆ. ಈಗ ಪಟ್ಟಿಗಳನ್ನು ಒಪ್ಪ ಮಾಡುವ ಓಪನ್‌ರಿಫೈನ್ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರು ಮೊದಲು ಹೇಳುವುದು ಹೆಸರು ಬಿಡಿಸುವ ನೇಮ್‌ಪಾರ್ಸರ್. ಅದಕ್ಕೆ 'ಕೊಡಂದೇರ ಮಾದಪ್ಪ ಕಾರ್ಯಪ್ಪ' ಅಂತ ಕೊಡಿ. ಫಸ್ಟ್ ಕೊಡಂದೇರ, ಮಿಡಲ್ ಮಾದಪ್ಪ, ಲಾಸ್ಟ್ ಕಾರ್ಯಪ್ಪ. ನಮ್ಮ ಫೀಲ್ಡ್ ಮಾರ್ಷಲ್ಲರ ಮನೆ ಹೆಸರು ಕಾರ್ಯಪ್ಪ ಆಗಿಹೋಯಿತು! ಮೊದಲ ಪದ ಆದ ಮೇಲೆ ಕಾಮಾ ಹಾಕಿದರೆ ಕೊಡಂದೇರ ಲಾಸ್ಟ್‌ಗೆ ಹೋಗುತ್ತದೆ, ಸರಿ. ಆದರೆ ಆಗ ಫಸ್ಟ್ ಜಾಗಕ್ಕೆ ಮಾದಪ್ಪ, ಅಂದರೆ ತಂದೆ, ಬಂದು ಕೂರುತ್ತಾರೆ, ಕಾರ್ಯಪ್ಪ ಮಿಡಲ್‌ಗೆ. ಕಾಲಂಗಳನ್ನು ಅದಲುಬದಲು ಮಾಡಿದರಾಯಿತು ಅಂದುಕೊಂಡರೆ, ಪಟ್ಟಿಯಲ್ಲಿ ತಂದೆ ಹೆಸರಿಲ್ಲದವರೂ ಇದ್ದಾರಲ್ಲ, ಅವರ ಸ್ವಂತ ಹೆಸರು ಫಸ್ಟ್‌ನಲ್ಲೇ ಇರುತ್ತದೆ. ಅದಲುಬದಲು ಮಾಡಿದ ಕೂಡಲೇ ಅವರೆಲ್ಲ ತಂದೆಯ ಕಾಲಂಗೆ!

ಇನ್ನೊಂದು ತಮಾಷೆ: ನೇಮ್‌ಪಾರ್ಸರ್‌ಗೆ ಬ್ರಾಕೆಟ್‌ನಲ್ಲಿರುವುದೆಲ್ಲ ಅಡ್ಡಹೆಸರು. ನಮ್ಮಲ್ಲಿ ಹೆಂಗಸರ ಹೆಸರಿನ ಮುಂದೆ ಬ್ರಾಕೆಟ್‌ನಲ್ಲಿ ಬರೆಯುವುದು ತಾಮನೆ, ಅಂದರೆ ತವರಿನ ಒಕ್ಕ. ಗೌರವಸ್ಥ ಒಕ್ಕಗಳೆಲ್ಲ ನಿಕ್‌ನೇಮ್ ಕಾಲಂನಲ್ಲಿ ಸಾಲಾಗಿ ಕೂತಿದ್ದವು.

ಪ್ರೊಬಬಲ್‌ಪೀಪಲ್ ಕೂಡ ಪೈಥಾನ್‌ನದೇ, ಹೆಸರಿನ ಒಂದೊಂದು ಪದಕ್ಕೂ ಅದೇನು ಅಂತ ಲೇಬಲ್ ಹಚ್ಚುತ್ತದೆ. ಹೆಸರಲ್ಲಿ ಒಂದೇ ಲೇಬಲ್ ಬಿಟ್ಟುಬಿಟ್ಟು ಎರಡು ಕಡೆ ಬಂದರೆ ಎರರ್ ಎಸೆದು ನಿಲ್ಲುತ್ತದೆ. ನನಗೆ ಅಷ್ಟು ತಾಳ್ಮೆ ಇಲ್ಲ.

ಮಾದರಿ ನೋಡಿ ಉಳಿದದ್ದನ್ನು ತಾನೇ ತುಂಬುವ ಎಕ್ಸೆಲ್‌ನ ಫ್ಲಾಶ್ ಫಿಲ್, ಕಂಟ್ರೋಲ್ ಇ, ಚಿಕ್ಕ ಪಟ್ಟಿಗೆ ಚೆನ್ನ. ಮಧ್ಯೆ ಇನಿಷಿಯಲ್‌ನವರು ಬಂದರೆ ಸದ್ದಿಲ್ಲದೆ ತಪ್ಪು ತುಂಬುತ್ತದೆ. ಮೂಲ ಹೆಸರು ತಿದ್ದಿದರೂ ತುಂಬಿದ್ದು ಬದಲಾಗುವುದಿಲ್ಲ.

ಓಪನ್‌ರಿಫೈನ್ ಹೆಸರಿನ ವಿಷಯದಲ್ಲಿ ಜಾಣತನ ತೋರಿಸಲು ಹೋಗುವುದೇ ಇಲ್ಲ, ಅದಕ್ಕೇ ನನಗಿಷ್ಟ. ಸ್ಪೇಸ್‌ನಲ್ಲಿ ಒಡೆ, ಎರಡೇ ಕಾಲಂ ಸಾಕು ಅಂದರೆ ಮೊದಲ ಪದ ಬೇರೆಯಾಗುತ್ತದೆ. ಅದರ ಮೇಲೆ ಟೆಕ್ಸ್ಟ್ ಫ್ಯಾಸೆಟ್ (ಯಾವ ಪದ ಎಷ್ಟು ಸಲ ಬಂದಿದೆ ಎಂಬ ಪಟ್ಟಿ) ಹಾಕಿ ಎಣಿಕೆಯ ಪ್ರಕಾರ ಜೋಡಿಸಿದರೆ ದೊಡ್ಡ ಒಕ್ಕಗಳು ಮೇಲೆ, ಕಾಗುಣಿತ ತಪ್ಪಿದವು ತಳದಲ್ಲಿ. ಕಾರ್ಯಪ್ಪನವರ ಮನೆ ಹೆಸರನ್ನು ಇಂಗ್ಲಿಷಿನಲ್ಲಿ ಮೊದಲ 'ಡಿ' ನಂತರ 'ಎ' ಹಾಕಿ ಬರೆಯುವುದು ರೂಢಿ, ಜನರಲ್ ತಿಮ್ಮಯ್ಯನವರದಕ್ಕೆ 'ಇ' ಹಾಕುವವರೂ ಇದ್ದಾರೆ, ಮನೆತನ ಒಂದೇ. ಹೋಲುವ ಹೆಸರುಗಳನ್ನು ಗುಂಪು ಮಾಡುವ ಕ್ಲಸ್ಟರ್‌ನಲ್ಲಿ ಫಿಂಗರ್‌ಪ್ರಿಂಟ್ ಎಂಬ ವಿಧಾನ ಇಂಥದ್ದನ್ನು ಹಿಡಿಯುವುದಿಲ್ಲ. ಎಷ್ಟು ಅಕ್ಷರ ಬೇರೆ ಅಂತ ಎಣಿಸುವ ಲೆವೆನ್‌ಸ್ಟೈನ್ ಆರಿಸಿ, 'ಬ್ಲಾಕ್ ಚಾರ್ಸ್' (ಹೋಲಿಸಬೇಕಾದರೆ ಸಾಲಾಗಿ ಎಷ್ಟು ಅಕ್ಷರ ಒಂದೇ ಇರಬೇಕು ಎಂಬುದು) 6 ಇರುವುದನ್ನು 3ಕ್ಕೆ ಇಳಿಸಿ, ಎರಡೂ ಜೊತೆಗೆ ಬರುತ್ತವೆ.

ಎಲ್ಲ ನಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಜುಲೈ ಮಳೆಗೆ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ, ಸದಸ್ಯರ ಫೋನ್ ನಂಬರು ಹೊರಗೆ ಹೋಗುವ ಭಯವೂ ಇಲ್ಲ.

'ಕೆ.ಎಂ.' ಅಂತಷ್ಟೇ ಬರೆಸಿದವರ ಒಕ್ಕ ಯಾವುದು ಅಂತ ಇದೂ ಹೇಳದು. ಅವರನ್ನೆಲ್ಲ ಫ್ಯಾಸೆಟ್‌ನಲ್ಲೇ ಬೇರೆ ತೆಗೆದು ಪ್ರಿಂಟ್ ಹಾಕಿ ಕಾರ್ಯದರ್ಶಿಗೆ ಕೊಟ್ಟಿದ್ದೇನೆ, ಫೋನ್ ಮಾಡಿ ಕೇಳಲಿ.