ಮೆಕ್ಕೆಜೋಳದ ಚೀಲಕ್ಕೆ ಯಾವ ಹೊದಿಕೆ? ನಾಲ್ಕನ್ನೂ ಹಾಕಿ ನೋಡಿದೆ

ಹೋದ ವರ್ಷ ಏಪ್ರಿಲ್‌ನಲ್ಲಿ ಹಮಾಲರು ಬಂದು ಕಣದಲ್ಲಿದ್ದ ಮೊದಲನೇ ಚೀಲದ ಕಿವಿ ಹಿಡಿದು ಎತ್ತಿದರು. ಕಿವಿ ಕೈಗೆ ಬಂತು, ಚೀಲ ಅಲ್ಲೇ ಉಳಿಯಿತು. ಎರಡನೇದರ ಹೊಟ್ಟೆಯೇ ಸೀಳಿ ಮೆಕ್ಕೆಜೋಳ ಕಣದ ತುಂಬಾ ಚೆಲ್ಲಿತು. "ಅಣ್ಣಾರ, ಇದು ಚೀಲ ಅಲ್ಲ, ಹಪ್ಪಳ ಆಗೈತಿ" ಅಂದ ಒಬ್ಬ. ನಲವತ್ತು ಚೀಲ ಮತ್ತೆ ತುಂಬಿ ಹೊಲಿಸಬೇಕಾಯಿತು. ಅವ್ವ ಮೂರು ದಿನ ಕಾಳು ಗುಡಿಸುತ್ತಾ ಗೊಣಗಿದಳು. ಮಳೆ ಬಿದ್ದಿರಲಿಲ್ಲ, ಇಲಿ ಕಡಿದಿರಲಿಲ್ಲ. ಬರೀ ಬಿಸಿಲು.

ಈ ಸಲವೂ ಚೀಲ ಹೊರಗೇ ಇಡಬೇಕಾಯಿತು. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಸುಗ್ಗಿಯಲ್ಲಿ ನಮ್ಮ ದಾವಣಗೆರೆ ಕಡೆ ವ್ಯಾಪಾರಸ್ಥರು ಕೇಳಿದ ರೇಟಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಕಾಯೋಣ ಅಂತ ತೀರ್ಮಾನ ಮಾಡಿದೆ, ಆದರೆ ಮನೆಯೊಳಗೆ ಜಾಗ ಇಲ್ಲ. ಹಾಗಾಗಿ ಕಣದಲ್ಲಿ ಕಲ್ಲಿನ ಮೇಲೆ ಅಡಿಕೆ ದಬ್ಬೆ ಹಾಸಿ ನಾಲ್ಕು ನಿಟ್ಟು ಒಟ್ಟಿದೆ. ಒಂದೊಂದಕ್ಕೆ ಒಂದೊಂದು ಹೊದಿಕೆ. ಹೋಲಿಸೋಕೆ ಅಂತ ಹೊಸ ಖಾಲಿ ಚೀಲಕ್ಕೆ ಮಣ್ಣು ತುಂಬಿ, ಏನೂ ಹೊದಿಸದೆ ಪಕ್ಕದಲ್ಲಿಟ್ಟೆ. ಡಿಸೆಂಬರ್ ಮೊದಲ ವಾರದಿಂದ ಏಪ್ರಿಲ್ ಕೊನೆವರೆಗೆ ನೋಡಿದ್ದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಬಿಳಿ ಚೀಲ ಪಾಲಿಪ್ರೊಪಿಲೀನ್ ಪಟ್ಟಿಯಿಂದ ನೇಯ್ದದ್ದು. ಅದನ್ನು ಹಾಳು ಮಾಡೋದರಲ್ಲಿ ಬಿಸಿಲಿನ ಕಾವಿಗಿಂತ ಅದರೊಳಗಿನ ಅತಿನೇರಳೆ ಕಿರಣದ ಪಾಲೇ ದೊಡ್ಡದು. ಪ್ಲಾಸ್ಟಿಕ್ಕಿನ ಉದ್ದುದ್ದ ಎಳೆಗಳನ್ನು ಅದು ಒಳಗೊಳಗೇ ತುಂಡರಿಸುತ್ತೆ, ಹಾಗಾಗಿ ಚಳಿಗಾಲದ ತಂಪು ಬಿಸಿಲಿನಲ್ಲೂ, ಮೋಡ ಇದ್ದಾಗಲೂ ಸ್ವಲ್ಪ ಸ್ವಲ್ಪ ಪೆಟ್ಟು ಬೀಳುತ್ತಲೇ ಇರುತ್ತೆ. ಡ್ರಿಪ್ ಪೈಪು ಕಪ್ಪಗಿರೋದು ಸುಮ್ನೆ ಅಲ್ಲ, ಅದರಲ್ಲಿ ಬೆರೆಸಿರೋ ಮಸಿ ಆ ಕಿರಣವನ್ನು ತಾನೇ ಹೀರಿಕೊಂಡು ಪ್ಲಾಸ್ಟಿಕ್ಕನ್ನು ಕಾಯುತ್ತೆ. ನಮ್ಮ ಬಿಳಿ ಚೀಲಕ್ಕೆ ಆ ಭಾಗ್ಯ ಇಲ್ಲ.

ತೆಳ್ಳನೆಯ ನೀಲಿ ತಾಡಪಾಲು ಎಲ್ಲರೂ ಮೊದಲು ತರೋದು, ಯಾಕಂದ್ರೆ ಅಗ್ಗ. ಮೊದಲ ಎರಡು ತಿಂಗಳು ಏನೂ ತಕರಾರಿಲ್ಲ. ಫೆಬ್ರವರಿಯಲ್ಲಿ ಮಡಿಕೆ ಬಿದ್ದ ಕಡೆ ಬಿಳಿಚಿಕೊಂಡಿತು, ಮಾರ್ಚಿಗೆ ಕೈಯಲ್ಲಿ ಉಜ್ಜಿದರೆ ಪುಡಿ. ಆಮೇಲೆ ಗಾಳಿಗೆ ಚೂರು ಚೂರಾಗಿ ಉದುರತೊಡಗಿತು. ಚೀಲ ಕಾಯಬೇಕಾದದ್ದು ಚೀಲಕ್ಕಿಂತ ಮೊದಲು ಸತ್ತಿತು. ತಾಡಪಾಲೂ ಪ್ಲಾಸ್ಟಿಕ್ಕೇ ಅಲ್ವಾ, ಈ ಸರಳ ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಹಸಿರು ಶೇಡ್ ನೆಟ್, 75 ಪರ್ಸೆಂಟಿನದು, ನರ್ಸರಿ ಮಾಡಿದಾಗ ಉಳಿದಿತ್ತು. ಇದರ ದೊಡ್ಡ ಗುಣ ಗಾಳಿ. ಬೇರೆ ನಿಟ್ಟಿನಲ್ಲಿ ಬೆಳಿಗ್ಗೆ ಹೊದಿಕೆ ಎತ್ತಿದರೆ ಅಡಿಯಲ್ಲಿ ಹನಿ, ಇದರಲ್ಲಿ ಒಂದು ದಿನವೂ ಬೆವರಿಲ್ಲ. ಆದರೆ ಮುಕ್ಕಾಲು ಬೆಳಕು ತಡೆದರೂ ಕಾಲು ಭಾಗ ಒಳಗೆ ಬಂತು. ಏಪ್ರಿಲ್‌ನಲ್ಲಿ ಮೇಲಿನ ಸಾಲಿನ ಚೀಲ ಬೆರಳಿನಿಂದ ಒತ್ತಿದರೆ ತೂತು ಬೀಳದಿದ್ದರೂ ದಾರ ಸಲೀಸಾಗಿ ಕಿತ್ತು ಬರುತ್ತಿತ್ತು. ಎರಡು ಪದರ ಹಾಕಿದ್ದರೆ ಪಾಸಾಗುತ್ತಿತ್ತೋ ಏನೋ. ಅಡ್ಡಮಳೆ ಬಂದ ರಾತ್ರಿ ಮಾತ್ರ ಎದ್ದು ಓಡಬೇಕಾಯಿತು, ನೆಟ್ಟಿಗೆ ನೀರು ತಡೆಯೋ ಕೆಲಸ ಗೊತ್ತಿಲ್ಲ.

ಫ್ಲೆಕ್ಸ್ ವಿಷಯ ಕೇಳಿ. ನಮ್ಮ ರಾಜ್ಯದಲ್ಲಿ 2016ರಲ್ಲೇ ಫ್ಲೆಕ್ಸ್ ನಿಷೇಧ ಆಗಿದ್ದರೂ ಪ್ರತಿ ಜಾತ್ರೆ, ಪ್ರತಿ ಹುಟ್ಟುಹಬ್ಬಕ್ಕೂ ಊರಬಾಗಿಲಲ್ಲಿ ನಿಂತೇ ಇರುತ್ತೆ. ಗೆಳೆಯನ ಹತ್ತಿರ ಎರಡು ಬಿದ್ದಿತ್ತು, ಪುಕ್ಕಟೆ ತಂದೆ. ದಪ್ಪ, ಭಾರ, ಗಾಳಿಗೆ ಹಾರಲ್ಲ. ಹಿಂಬದಿ ಕಪ್ಪಗಿರೋದರಿಂದ ಬೆಳಕು ಒಂಚೂರೂ ತೂರಲ್ಲ. ಮುಖಗಳನ್ನು ಮೇಲೆ ಮಾಡಿ ಹೊದಿಸಿದ್ದೆ, ಏಪ್ರಿಲ್ ಹೊತ್ತಿಗೆ ಮುಖಂಡರೆಲ್ಲ ಬೆಳ್ಳಗಾಗಿದ್ದರು, ಅಡಿಯ ಚೀಲ ಮಾತ್ರ ಹೊಸದರಂತೇ ಇತ್ತು. ತೊಂದರೆ ಬೆವರಿನದು. ಹಗಲು ಕಾದ ಕಾಳಿನಿಂದ ತೇವ ಮೇಲೇಳುತ್ತೆ, ರಾತ್ರಿ ಫ್ಲೆಕ್ಸ್ ತಣ್ಣಗಾದಾಗ ಅದರ ಅಡಿಯಲ್ಲಿ ನೀರಾಗಿ ಮೇಲಿನ ಚೀಲಕ್ಕೇ ಇಳಿಯುತ್ತೆ. ಹಾಕುವಾಗ ಕಾಳು ಚೆನ್ನಾಗಿ ಒಣಗಿತ್ತು, ತೇವ 14 ಪರ್ಸೆಂಟಿನ ಒಳಗೇ ಇತ್ತು, ಆದರೂ ಎರಡು ಚೀಲದ ಬಾಯಲ್ಲಿ ಬೂಸಲು ಬಂತು. ಕೋಳಿ ಫಾರಂನವರು ಬೂಸಲು ಕಂಡರೆ ಮುಟ್ಟಲ್ಲ.

ನಾಲ್ಕನೇದು ದಪ್ಪ ಸಿಲ್ಪಾಲಿನ್, ಅಂದ್ರೆ ಪದರ ಪದರವಾಗಿ ಮಾಡಿದ ಗಟ್ಟಿ ಪ್ಲಾಸ್ಟಿಕ್ ತಾಡಪಾಲು, ಮತ್ತು ಅದರ ಮೇಲೆ ಅಡಿಕೆ ಸೋಗೆ. ಇದು ನನ್ನ ಐಡಿಯಾ ಅಲ್ಲ, ಅವ್ವನದು. "ಕೊಡೆಗೂ ಒಂದು ನೆರಳು ಮಾಡು" ಅಂದಳು. ನಿಟ್ಟಿನ ಮೇಲೆ ನಡುವೆ ಒಂದು ಗಳ ಎತ್ತರಿಸಿ ಕಟ್ಟಿ, ಸಿಲ್ಪಾಲಿನ್ ಇಳಿಬಿಟ್ಟು, ಅದರ ಮೇಲೆ ಸೋಗೆ ಹೊದಿಸಿ ಹಗ್ಗ ಬಿಗಿದೆ. ಗಳದ ಎರಡು ತುದಿಯಲ್ಲೂ ಗಾಳಿ ಆಡೋಕೆ ಬಾಯಿ ಬಿಟ್ಟಿದ್ದೆ, ಬೆವರು ಬಹಳ ಕಡಿಮೆ. ಚೀಲವೂ ಗಟ್ಟಿ, ಸಿಲ್ಪಾಲಿನ್ನೂ ಗಟ್ಟಿ, ಮುಂದಿನ ಎರಡು ಸುಗ್ಗಿಗೆ ಆರಾಮಾಗಿ ಬರುತ್ತೆ ಅನಿಸುತ್ತೆ. ದುಡ್ಡು ಜಾಸ್ತಿ ಬಿತ್ತು ನಿಜ. ಇಲಿ ಸೋಗೆಯಲ್ಲಿ ಗೂಡು ಮಾಡಿತ್ತು, ಅದಕ್ಕೊಂದು ಬೆಕ್ಕು ಇಟ್ಟಿದ್ದಾಯಿತು.

ಏನೂ ಹೊದಿಸದ ಮಣ್ಣಿನ ಚೀಲ ಮಾರ್ಚ್ ಮುಗಿಯೋದರೊಳಗೆ ತಾನಾಗೇ ಬಿರಿಯಿತು. ಬಿರಿದದ್ದು ತಲೆಯಲ್ಲಲ್ಲ, ತೆಂಕಣ ಮಗ್ಗುಲಲ್ಲಿ. ಚಳಿಗಾಲದಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ, ನಮ್ಮ ಕಡೆ ನೆತ್ತಿಯ ಮೇಲೆ ಬರೋದು ಏಪ್ರಿಲ್ ಕೊನೆಗೆ. ಹೋದ ವರ್ಷ ನಾನು ಮೇಲೆ ಮಾತ್ರ ಮುಚ್ಚಿ ಪಕ್ಕ ಬಿಟ್ಟಿದ್ದೆ, ಕಿವಿ ಕಿತ್ತು ಬಂದ ಚೀಲಗಳೆಲ್ಲ ಆ ಮಗ್ಗುಲಿನವೇ. ಹಾಗಾಗಿ ಯಾವ ಹೊದಿಕೆ ಹಾಕಿದರೂ ತೆಂಕಣ ಮತ್ತು ಪಡುವಣ ಕಡೆ ನೆಲದವರೆಗೆ ಇಳಿಬಿಡಿ. ಹಳೆ ಯೂರಿಯಾ ಚೀಲ ಬಳಸೋರು ತುಂಬೋ ಮೊದಲು ಒಂದು ದಾರ ಎಳೆದು ನೋಡಿ. ಪಟ್ಟನೆ ಕಿತ್ತರೆ ಅದು ಆಗಲೇ ಬಿಸಿಲು ತಿಂದ ಚೀಲ.

ದುಡ್ಡಿಲ್ಲದಿದ್ದರೆ ಫ್ಲೆಕ್ಸ್ ಹಾಕಿ, ಆದರೆ ಅಡಿಗೆ ಗಳ ಕೊಟ್ಟು ವಾರಕ್ಕೊಮ್ಮೆ ಎತ್ತಿ ಗಾಳಿ ಆಡಿಸಿ. ಇದ್ದರೆ ಸಿಲ್ಪಾಲಿನ್, ಸೋಗೆ. ನಾನು ನೀಲಿ ತಾಡಪಾಲು ಮತ್ತೆ ತರಲ್ಲ. ಚೀಲ ಲಾರಿ ಹತ್ತಿದ ಮೇಲೆ ಸೋಗೆ ಬಚ್ಚಲ ಒಲೆಗೆ ಹೋಗಿ ಒಂದು ವಾರ ನೀರು ಕಾಯಿಸಿತು. ನೀಲಿ ಚೂರುಗಳನ್ನು ಅವ್ವ ಇನ್ನೂ ಕಣದಲ್ಲಿ ಹೆಕ್ಕುತ್ತಲೇ ಇದ್ದಾಳೆ.